ಗುಲಾಬಿ ಕಾಲಿನ ಹೆಬ್ಬಾತು: ಗೂಡಿಗೆ ಮುಂಚಿನ ಮೇವು

ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಮರಿಮಾಡುವ ಗುಲಾಬಿ ಕಾಲಿನ ಹೆಬ್ಬಾತುಗಳು ಡೆನ್ಮಾರ್ಕ್, ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಚಳಿಗಾಲ ಕಳೆದು, ಏಪ್ರಿಲ್–ಮೇ ತಿಂಗಳಲ್ಲಿ ನಾರ್ವೆಯ ಟ್ರೊಂಡೆಲಾಗ್ ಮತ್ತು ವೆಸ್ಟರೋಲೆನ್‌ನ ಹೊಲಗಳಿಗಿಳಿಯುತ್ತವೆ. ಇದು ದಾರಿಖರ್ಚಿನ ಊಟವಷ್ಟೇ ಅಲ್ಲ. ಮುಂದೆ ಇಡುವ ಮೊಟ್ಟೆಯ ಬಂಡವಾಳವೂ ಹೌದು. ಕೂಳೆ ಹೊಲದಲ್ಲಿ ಉದುರಿದ, ಹೊಸದಾಗಿ ಬಿತ್ತಿದ ಕಾಳು ಕೊಬ್ಬಾಗುತ್ತದೆ. ಗೊಬ್ಬರ ಕಂಡ ಎಳೆಹುಲ್ಲಿನ ತುದಿ ಪ್ರೋಟೀನು ಕೊಡುತ್ತದೆ. ನಾರು ಅರಗಿಸುವ ಶಕ್ತಿ ಕಡಿಮೆಯಾದ್ದರಿಂದ ಹಕ್ಕಿ ಹಗಲೆಲ್ಲ ಮೇಯಲೇಬೇಕು. ವಾರ ಕಳೆದಂತೆ ಅದರ ಹೊಟ್ಟೆ ಕಾಲುಗಳ ನಡುವೆ ಜೋಲುವುದು ದೂರದರ್ಶಕದಲ್ಲೇ ಕಾಣುತ್ತದೆ. ಸಂಶೋಧಕರು ಕೊಬ್ಬನ್ನು ಅಳೆಯುವುದೂ ಹಾಗೆಯೇ, ಹಕ್ಕಿಯನ್ನು ಹಿಡಿಯದೆ.

ಉತ್ತರದ ಸ್ವಾಲ್ಬಾರ್ಡ್‌ಗೆ ಹೋದ ಮೇಲೂ ಅವು ಬೇರು ಬಗೆದು ತಿನ್ನುತ್ತವಲ್ಲ, ಹೊಲಕ್ಕೆ ಇಷ್ಟು ಮಹತ್ವವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿ ಹಿಮ ಕರಗುವುದು ನಿಧಾನ, ಕಾವಿಗೆ ಕೂತ ಹೆಣ್ಣು ಗೂಡು ಬಿಟ್ಟೇಳುವುದು ಅಪರೂಪ. ವೆಸ್ಟರೋಲೆನ್‌ನಲ್ಲಿ ರೈತರು ಬೆದರಿಸಿ ಓಡಿಸಿದ ಹಕ್ಕಿಗಳು ಸರಿಯಾಗಿ ಮೈತುಂಬಿಕೊಳ್ಳಲಿಲ್ಲ. ನೆಮ್ಮದಿಯಾಗಿ ಮೇಯ್ದವುಗಳಿಗಿಂತ ಕಡಿಮೆ ಮರಿಗಳೊಂದಿಗೆ ಶರತ್ಕಾಲದಲ್ಲಿ ಮರಳಿದವು.

ಹಾಗೆಂದು ರೈತರ ದೂರನ್ನು ತಳ್ಳಿಹಾಕಲಾಗದು. ಮೇ ತಿಂಗಳ ಹುಲ್ಲು ಅವರ ದನ-ಕುರಿಗಳ ಚಳಿಗಾಲದ ಮೇವು. ಬೆದರಿಸಿದರೆ ಹಿಂಡು ಪಕ್ಕದವರ ಹೊಲಕ್ಕೆ ಹಾರುತ್ತದೆ, ನಷ್ಟ ಕೈ ಬದಲಿಸುತ್ತದೆ, ಅಷ್ಟೆ. ಹಕ್ಕಿಗೆ ಜಾಗ ಬಿಟ್ಟವರಿಗೆ 2006ರಿಂದ ನಾರ್ವೆ ಹಣ ಕೊಡುತ್ತಿದೆ. ಹೆಬ್ಬಾತುಗಳ ಸಂಖ್ಯೆ ಏರುತ್ತಲೇ ಹೋದದ್ದರಿಂದ, ಅದನ್ನು ಸುಮಾರು 60,000ದಲ್ಲಿ ನಿಲ್ಲಿಸುವ ಅಂತರರಾಷ್ಟ್ರೀಯ ಯೋಜನೆ 2012ರಲ್ಲಿ ಬಂತು.