ಗಪ್ಪಿ ಸಾಕಣೆ: ಮೇವಿನ ಖರ್ಚು ಮೀನಿನಿಂದಲೇ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ನೆರಳಿನ ಸಿಮೆಂಟ್ ತೊಟ್ಟಿಯಲ್ಲೇ ಗಪ್ಪಿ ಮೀನು ಸಾಕಬಹುದು. ಬೋರ್‌ವೆಲ್‌ನ ಗಡಸು ನೀರು ಇದಕ್ಕೆ ಒಗ್ಗುತ್ತೆ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ.

ಗಪ್ಪಿ ಮೊಟ್ಟೆ ಇಡಲ್ಲ, ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತೆ. 1 ಗಂಡಿಗೆ 2-3 ಹೆಣ್ಣು ಇರಲಿ. ದೊಡ್ಡ ಮೀನುಗಳೇ ಮರಿ ತಿನ್ನುವುದರಿಂದ ಮರಿಗಳನ್ನು ಬೇರೆ ತೊಟ್ಟಿಗೆ ಬಿಡಿ.

3-4 ತಿಂಗಳಿಗೆ ಬಣ್ಣ ತುಂಬಿದ ಗಂಡುಮೀನು ಮಾರಾಟಕ್ಕೆ ಸಿದ್ಧ. ಅಕ್ವೇರಿಯಂ ಅಂಗಡಿಯವರು ಎಷ್ಟು ಕೊಳ್ತಾರೆ ಅಂತ ಮೊದಲೇ ಕೇಳಿ. ದುಡ್ಡಿನ ಬದಲು ಮೇವು ಕೊಟ್ಟರೂ ಖರ್ಚು ಕಳೆಯುತ್ತೆ. ಬದಲಿಸಿದ ನೀರು ತೆಂಗಿನ ಬುಡಕ್ಕೆ.

ಗಪ್ಪಿ ಸೊಳ್ಳೆಮರಿ ತಿನ್ನುತ್ತೆ. ಪಕ್ಕದ ಅರಸೀಕೆರೆ ತಾಲ್ಲೂಕಿನ ಬಾಣಾವರ ಭಾಗದಲ್ಲಿ ಮಲೇರಿಯಾ ತಡೆಗೆ ಬಾವಿಗಳಿಗೆ ಇದನ್ನು ಬಿಟ್ಟಿದ್ದುಂಟು. ಹಾಗಂತ ಮಿಕ್ಕ ಮೀನನ್ನು ಕೆರೆಗೆ ಸುರಿಯಬೇಡಿ. ಇದು ಹೊರದೇಶದ ಮೀನು, ನಮ್ಮ ಕೆರೆ ಮೀನಿಗೆ ಕುತ್ತು.