ದರ್ಗಾಕ್ಕೆ ಹೋಗೋದು ಯಾಕೆ, ಹೇಗೆ? ಸಕ್ಕರೆ, ಗಂಧ, ಗಲೀಫ್ ಹಿಂದಿನ ಅರ್ಥ ಇಲ್ಲಿದೆ

ಕಲಬುರಗಿ: ಗುರುವಾರ ಸಂಜೆ ಆಯ್ತು ಅಂದ್ರೆ ಖಾಜಾ ಬಂದೇನವಾಜ್ ದರ್ಗಾ ರಸ್ತೆಯಲ್ಲಿ ಜನ ಹೆಚ್ಚು. ಹೂವಿನ ಬುಟ್ಟಿ, ಸಕ್ಕರೆ ಪೊಟ್ಟಣ, ಊದುಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರ್ತಾರೆ. ಆದರೆ ಸಕ್ಕರೆ ಯಾಕೆ ಓದಿಸ್ತಾರೆ, ಗಂಧ ಅಂದ್ರೇನು, ಇಸ್ಲಾಂನಲ್ಲಿ ಇದಕ್ಕೆ ಒಪ್ಪಿಗೆ ಇದೆಯಾ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಹೇಳ್ತಾರೆ. ಈ ವಿಷಯಕ್ಕೆ ಒಂದೇ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದೂ ಉಂಟು. ಹಾಗಾಗಿ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ದರ್ಗಾ, ಜಿಯಾರತ್, ಉರುಸ್

ದರ್ಗಾ ಪಾರ್ಸಿ ಪದ. ಹೊಸ್ತಿಲು, ದರ್ಬಾರು ಎಂಬ ಅರ್ಥ. ಸೂಫಿ ಸಂತರ ಸಮಾಧಿ ಇರುವ ಜಾಗಕ್ಕೆ ಈ ಹೆಸರು. ಅಲ್ಲಿಗೆ ಭೇಟಿ ಕೊಡುವುದೇ ಜಿಯಾರತ್. ಮಸೀದಿ ನಮಾಜ್ ಮಾಡುವ ಜಾಗ, ದರ್ಗಾ ಸಮಾಧಿಯ ಜಾಗ. ಎರಡೂ ಒಂದೇ ಅಲ್ಲ. ದೊಡ್ಡ ದರ್ಗಾಗಳ ಆವರಣದಲ್ಲಿ ಮಸೀದಿಯೂ ಇರುತ್ತದೆ.

ಉರುಸ್ ಅರಬ್ಬಿ ಪದ, ಮದುವೆ ಎಂದರ್ಥ. ಸಂತ ತೀರಿಕೊಂಡ ದಿನವನ್ನು ಸೂಫಿಗಳು ಶೋಕದ ದಿನ ಅನ್ನಲ್ಲ. ಆತ್ಮ ದೇವರನ್ನು ಸೇರಿದ ದಿನ ಅಂತಾರೆ. ಅದಕ್ಕೇ ದೀಪ, ಹೂವು, ಕವ್ವಾಲಿ.

ಬಂದೇನವಾಜರು ಯಾರು?

ಹೆಸರು ಸೈಯದ್ ಮುಹಮ್ಮದ್ ಹುಸೇನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಅಜ್ಮೀರದ ಖ್ವಾಜಾ ಮೊಯಿನುದ್ದೀನ್ ಚಿಶ್ತಿ ಅವರಿಂದ ಭಾರತದಲ್ಲಿ ಬೆಳೆದ ಚಿಶ್ತಿ ಪರಂಪರೆಗೆ ಸೇರಿದವರು. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹ್ಲವಿ ಇವರ ಗುರು. ಗುರುವಿನ ಪಲ್ಲಕ್ಕಿ ಹೊರುವಾಗ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಹಾಕಿಕೊಂಡರೂ ಬಿಡಿಸಿಕೊಳ್ಳದೆ ನಡೆದರಂತೆ. ಅದಕ್ಕೇ ‘ಗೇಸೂದರಾಜ್’, ಅಂದರೆ ಉದ್ದ ಕೂದಲಿನವರು ಎಂಬ ಹೆಸರು ಬಂತು ಎಂಬ ಕತೆ ಇದೆ.

1398ರಲ್ಲಿ ತೈಮೂರ್ ದೆಹಲಿ ಮೇಲೆ ದಾಳಿ ಮಾಡಿದಾಗ ಅವರು ಆ ಊರು ಬಿಟ್ಟರು. ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಕಲಬುರಗಿಗೆ ಬಂದಾಗ ವಯಸ್ಸು 80ರ ಆಸುಪಾಸು. ಸುಲ್ತಾನ ಮೊದಲು ಬರಮಾಡಿಕೊಂಡ, ಆಮೇಲೆ ಸಂಬಂಧ ಕೆಟ್ಟಿತು. ತನ್ನ ಮಗನಿಗೆ ಪಟ್ಟವಾಗಲಿ ಎಂದು ಹರಸಲು ಕೇಳಿದಾಗ ಸಂತರು ಒಪ್ಪಲಿಲ್ಲ, ಪಟ್ಟ ತಮ್ಮ ಅಹಮದ್‌ನಿಗೇ ಎಂದರು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. 1422ರಲ್ಲಿ ಅಹಮದ್ ಷಾನೇ ಪಟ್ಟಕ್ಕೆ ಬಂದ. ಅದೇ ವರ್ಷ ಸಂತರು ತೀರಿಕೊಂಡರು.

ಉರುಸ್ ಯಾವಾಗ?

ಇಸ್ಲಾಮಿ ಕ್ಯಾಲೆಂಡರಿನ ಜಿಲ್‌ಖಾದ್ ತಿಂಗಳ 15, 16, 17ರಂದು. ಮೊದಲ ದಿನ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಗಂಧದ ಮೆರವಣಿಗೆ ಹೊರಟು ದರ್ಗಾ ಸೇರುತ್ತದೆ. ಇದಕ್ಕೆ ಸಂದಲ್ ಅಂತಾರೆ. ನಂತರ ದೀಪ ಬೆಳಗುವ ಚಿರಾಗ.

ವ್ಯಾಪಾರಿಗಳು ಗಮನಿಸಬೇಕಾದದ್ದು: ಚಾಂದ್ರಮಾನ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಉರುಸ್ ಪ್ರತಿವರ್ಷ 10–11 ದಿನ ಹಿಂದಕ್ಕೆ ಬರುತ್ತದೆ. ಈ ಸಲದ ತಾರೀಖು ನೋಡಿ ಮುಂದಿನ ವರ್ಷಕ್ಕೆ ಮಾಲು ತರಿಸಿದರೆ ಲೆಕ್ಕ ತಪ್ಪುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು.

ಎಲ್ಲ ಕಡೆ ಹೀಗಿಲ್ಲ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಅದೇ ಅಹಮದ್ ಷಾನ ಸಮಾಧಿ ಇದೆ. ಅಲ್ಲಿ ಉರುಸ್ ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ. ಆಳಂದ ತಾಲ್ಲೂಕಿನ ಮಾಡಿಯಾಳದ ಜಂಗಮರು ಬರುವುದು ಅಲ್ಲಿನ ಹಳೇ ಪದ್ಧತಿ.

ಒಳಗೆ ಏನು ಮಾಡ್ತಾರೆ?

ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ತಲೆಗೆ ಟೋಪಿ ಅಥವಾ ಕರ್ಚೀಫ್ ಹಾಕಿಕೊಂಡು ಒಳಹೋಗುತ್ತಾರೆ. ಹೂವು ಇಲ್ಲವೇ ಗಲೀಫ್ (ಸಮಾಧಿಗೆ ಹೊದಿಸುವ ಬಟ್ಟೆ) ಅರ್ಪಿಸ್ತಾರೆ. ಸಕ್ಕರೆ ಓದಿಸುವುದು ಅಂದ್ರೆ ಸಕ್ಕರೆ ಮುಂದಿಟ್ಟು ಫಾತಿಹಾ ಓದುವುದು. ಅದರ ಪುಣ್ಯ ಸಂತರಿಗೆ ಸೇರಲಿ ಎಂಬ ಭಾವ. ಓದಿದ ಸಕ್ಕರೆ ಹಂಚಿ ತಿನ್ನುವುದು ರೂಢಿ. ಬೇರೆ ಧರ್ಮದವರು ಸುಮ್ಮನೆ ನಿಂತು ಕೈಮುಗಿದು ಬಂದರೂ ಯಾರೂ ತಪ್ಪು ತಿಳಿಯಲ್ಲ. ಕಾಣಿಕೆ ಅವರವರ ಇಷ್ಟ. ಇಷ್ಟೇ ಕೊಡಬೇಕು ಎಂಬ ಧಾರ್ಮಿಕ ನಿಯಮ ಇಲ್ಲ. ಯಾರಾದರೂ ಒತ್ತಾಯ ಮಾಡಿದರೆ ಬೇಡ ಎನ್ನಬಹುದು.

ಇಸ್ಲಾಂನಲ್ಲಿ ಒಪ್ಪಿಗೆ ಇದೆಯಾ?

ಸಮಾಧಿ ಭೇಟಿಯನ್ನು ಪ್ರವಾದಿ ಮುಹಮ್ಮದರು ಮೊದಲು ತಡೆದು, ಆಮೇಲೆ ಅನುಮತಿ ಕೊಟ್ಟರು. ಸಾವಿನ ನೆನಪಾಗಲಿ ಎಂಬುದೇ ಅದರ ಉದ್ದೇಶ ಎಂದು ಹದೀಸ್‌ಗಳಲ್ಲಿದೆ. ಭೇಟಿಯ ಬಗ್ಗೆ ಅಷ್ಟು ಜಗಳ ಇಲ್ಲ. ಅಲ್ಲಿ ಏನು ಕೇಳಬೇಕು ಎಂಬುದರಲ್ಲಿ ಜಗಳ.

ಸೂಫಿ ಮತ್ತು ಬರೇಲ್ವಿ ಕಡೆಯವರು ಹೇಳುವುದು: ಕೊಡುವವನು ದೇವರೇ, ಸಂತರು ಶಿಫಾರಸು ಮಾಡುವವರು. ಅಹ್ಲೆ ಹದೀಸ್‌ನವರು ಒಪ್ಪಲ್ಲ. ದೇವರನ್ನು ನೇರವಾಗಿ ಕೇಳಬೇಕು, ಸತ್ತವರನ್ನು ಕೇಳುವುದು ತಪ್ಪು ಅಂತಾರೆ. ದೇವಬಂದಿ ಉಲೇಮಾಗಳು ಸಮಾಧಿ ಭೇಟಿ ಒಪ್ಪಿದರೂ ಉರುಸ್‌ನ ಅನೇಕ ಆಚರಣೆ ಒಪ್ಪುವುದಿಲ್ಲ. ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಹೆಚ್ಚುಕಡಿಮೆ ಒಂದೇ: ಸಮಾಧಿಗೆ ಸಜ್ದಾ, ಅಂದರೆ ಹಣೆ ನೆಲಕ್ಕೆ ಹಚ್ಚಿ ನಮಿಸುವುದು, ಸಲ್ಲದು. ಬರೇಲಿಯ ಅಹಮದ್ ರಜಾ ಖಾನರೇ ಇದರ ವಿರುದ್ಧ ಬರೆದಿದ್ದಾರೆ.

ಹೆಣ್ಣುಮಕ್ಕಳ ಪ್ರವೇಶ

ಅನೇಕ ದರ್ಗಾಗಳಲ್ಲಿ ಹೆಣ್ಣುಮಕ್ಕಳಿಗೆ ಆವರಣದವರೆಗೆ ಬಿಡ್ತಾರೆ, ಸಮಾಧಿ ಹತ್ತಿರ ಬಿಡಲ್ಲ. ಮುಂಬೈನ ಹಾಜಿ ಅಲಿ ದರ್ಗಾದಲ್ಲಿ ಇಂಥ ನಿರ್ಬಂಧ ಸಂವಿಧಾನಕ್ಕೆ ವಿರುದ್ಧ ಎಂದು ಬಾಂಬೆ ಹೈಕೋರ್ಟ್ 2016ರ ಆಗಸ್ಟ್‌ನಲ್ಲಿ ಹೇಳಿತು. ಗಂಡಸರಷ್ಟೇ ದೂರದವರೆಗೆ ಹೆಂಗಸರನ್ನೂ ಬಿಡುತ್ತೇವೆ ಎಂದು ಆ ಟ್ರಸ್ಟ್ ನಂತರ ಸುಪ್ರೀಂ ಕೋರ್ಟ್‌ನಲ್ಲಿ ಒಪ್ಪಿಕೊಂಡಿತು. ಉಳಿದ ಕಡೆ ಒಂದೊಂದು ಕಡೆ ಒಂದೊಂದು ರೀತಿ. ಕುಟುಂಬ ಸಮೇತ ಹೋಗುವವರು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೇದು.

ಬೇನೆ ಇದ್ದವರನ್ನು ಕರೆದೊಯ್ಯುವಾಗ

‘ಗಾಳಿ ಹೊಕ್ಕಿದೆ’ ಎಂದು ಮಾನಸಿಕ ಬೇನೆ ಇದ್ದವರನ್ನು ತಿಂಗಳುಗಟ್ಟಲೆ ದರ್ಗಾಗಳಲ್ಲಿ ಇಡುವುದು ಹಲವೆಡೆ ಇದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾ ಸಮೀಪದ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಯನ್ನು ಸರಪಳಿಯಿಂದ ಕಟ್ಟುವಂತಿಲ್ಲ.

ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹುಡುಕಿದರು. ಮುಜಾವರರು ದುವಾ ಮಾಡಿ, ಅದೇ ಆವರಣದಲ್ಲಿರುವ ಡಾಕ್ಟರ ಹತ್ತಿರ ಕಳಿಸ್ತಾರೆ. ‘ದವಾ–ದುವಾ’ ಎಂದೇ ಅದರ ಹೆಸರು. ಇಲ್ಲಿಯವರೂ ಹರಕೆ ಹೊರಲಿ, ಜತೆಗೆ ಗುಳಿಗೆ ತಪ್ಪಿಸದಿರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ.