ಫ್ಲಾಶ್ ಸ್ಮೃತಿ: ಅಳಿಸುವುದನ್ನು ಕಲಿತ ಕಥೆ

ಮದುವೆಯ ಚಿತ್ರಗಳನ್ನು ಛಾಯಾಗ್ರಾಹಕರು ಈಗ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುತ್ತಾರೆ. ನೀವು ಅದನ್ನು ಒಡವೆಯ ಜೊತೆ ಬೀರುವಿನಲ್ಲಿಟ್ಟು ನಿಶ್ಚಿಂತರಾಗುತ್ತೀರಿ. ಆದರೆ ಅಲ್ಲಿರುವುದು ಚಿತ್ರಗಳಲ್ಲ. ಸಿಲಿಕಾನ್ ಚಿಪ್ಪಿನೊಳಗೆ ಸೆರೆಯಾಗಿರುವ ಎಲೆಕ್ಟ್ರಾನುಗಳು. ಅವನ್ನು ಸೆರೆಹಿಡಿಯುವ ಉಪಾಯ 1967ರಲ್ಲಿಯೇ ತಿಳಿದಿತ್ತು. ಬೇಕೆಂದಾಗ ಅಗ್ಗವಾಗಿ ಹೊರಬಿಡುವುದನ್ನು ಕಲಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸ್ಜೆ ಅವರು 1967ರಲ್ಲಿ ಟ್ರಾನ್ಸಿಸ್ಟರಿನ ಗೇಟ್‌ನ ಕೆಳಗೆ ಇನ್ನೊಂದು ಗೇಟನ್ನು ಇಡಬಹುದೆಂದು ತೋರಿಸಿದರು. ಅದಕ್ಕೆ ಯಾವ ತಂತಿಯ ಸಂಪರ್ಕವೂ ಇಲ್ಲ, ಸುತ್ತಲೂ ಅವಾಹಕ ಪದರ; ನೀರಿನ ನಡುವಿನ ನಡುಗಡ್ಡೆಯಂತೆ. ಇದೇ ತೇಲುವ ಗೇಟ್. ಅದರೊಳಗೆ ಎಲೆಕ್ಟ್ರಾನುಗಳು ಸೇರಿದ್ದರೆ ಟ್ರಾನ್ಸಿಸ್ಟರ್ ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದನ್ನು 0 ಎಂದು ಓದುತ್ತೇವೆ. ಖಾಲಿಯಿದ್ದರೆ 1. ವಿದ್ಯುತ್ ಸಂಪರ್ಕ ಕಡಿದರೂ ಎಲೆಕ್ಟ್ರಾನುಗಳು ಅಲ್ಲೇ ಉಳಿಯುತ್ತವೆ.

ಇಂಟೆಲ್ ಸಂಸ್ಥೆಯ ಡಾವ್ ಫ್ರೋಮನ್ 1971ರಲ್ಲಿ ಇದೇ ತತ್ತ್ವದಿಂದ ಇಪಿರಾಮ್ ಚಿಪ್ಪನ್ನು ತಂದರು. ಸಾಮರ್ಥ್ಯ ಕೇವಲ 256 ಬೈಟು. ಯುನಿಕೋಡ್‌ನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟು ಬೇಕು. ಹಾಗಾಗಿ ಈ ಲೇಖನದ ಒಂದೆರಡು ವಾಕ್ಯಗಳಿಗೇ ಅದು ಭರ್ತಿ! ಬರೆದುದನ್ನು ಅಳಿಸಲು ಚಿಪ್ಪನ್ನು ಕಿತ್ತು, ಅದರ ಬೆನ್ನಿನ ಕ್ವಾರ್ಟ್ಸ್ ಕಿಟಕಿಯ ಮೂಲಕ ಅತಿನೇರಳೆ ಕಿರಣ ಹಾಯಿಸಬೇಕಿತ್ತು. ನಾನು ಎಂ.ಎಸ್ಸಿ. ಓದುವಾಗ ನಮ್ಮ ಪ್ರಯೋಗಾಲಯದಲ್ಲೂ ಹೀಗೇ. ಒಂದು ತಪ್ಪಿಗೆ ಇಪ್ಪತ್ತು ನಿಮಿಷದ ಶಿಕ್ಷೆ.

ಕಿರಣದ ಹಂಗಿಲ್ಲದೆ ಅಳಿಸುವ ದಾರಿ ಭೌತವಿಜ್ಞಾನದಲ್ಲಿ ಆಗಲೇ ಇತ್ತು. ಲೋಹದಿಂದ ಎಲೆಕ್ಟ್ರಾನುಗಳು ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಹೇಗೆ ಹೊರಬೀಳುತ್ತವೆಂದು ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲಿ ಕ್ವಾಂಟಮ್ ಸಿದ್ಧಾಂತದಿಂದ ವಿವರಿಸಿದ್ದರು. ಗೋಡೆ ಹಾರುವಷ್ಟು ಶಕ್ತಿ ಇಲ್ಲದ ಎಲೆಕ್ಟ್ರಾನು, ಗೋಡೆ ತೆಳುವಾಗಿದ್ದರೆ ಅದರೊಳಗಿಂದಲೇ ನುಸುಳಬಲ್ಲುದು. ಸುಮಾರು 10 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರಕ್ಕೆ 10 ವೋಲ್ಟ್ ಹಚ್ಚಿದರೆ ಕ್ಷೇತ್ರ ಎಷ್ಟು? ಮೀಟರಿಗೆ ನೂರು ಕೋಟಿ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕೆಂಬುದನ್ನು ನೆನೆಯಿರಿ. ಇಂಟೆಲ್ 1980ರಲ್ಲಿ ಈ ಸುರಂಗ ಪರಿಣಾಮವನ್ನು ಬಳಸಿ ವಿದ್ಯುತ್ತಿನಿಂದಲೇ ಅಳಿಸಬಲ್ಲ ಚಿಪ್ಪನ್ನು ತಯಾರಿಸಿತು. ಆದರೆ ಒಂದೊಂದು ಬೈಟನ್ನೂ ಪ್ರತ್ಯೇಕವಾಗಿ ಅಳಿಸಬೇಕಾದ್ದರಿಂದ ಪ್ರತಿ ಕೋಶಕ್ಕೂ ಎರಡನೆಯ ಟ್ರಾನ್ಸಿಸ್ಟರ್ ಬೇಕಾಯಿತು, ಬೆಲೆ ಏರಿತು.

ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು: ಒಂದೊಂದಾಗಿ ಏಕೆ ಅಳಿಸಬೇಕು? ಸಾವಿರಾರು ಕೋಶಗಳನ್ನು ಒಟ್ಟಿಗೇ ಅಳಿಸಿದರೆ ಕೋಶಕ್ಕೊಂದೇ ಟ್ರಾನ್ಸಿಸ್ಟರ್ ಸಾಕು. ಸ್ಲೇಟಿನ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಉಜ್ಜದೆ ಒದ್ದೆ ಬಟ್ಟೆಯಿಂದ ಒಮ್ಮೆಗೇ ಒರೆಸಿದಂತೆ. ಕ್ಯಾಮೆರಾದ ಫ್ಲಾಶ್ ನೆನಪಾಗಿ ಸಹೋದ್ಯೋಗಿ ಅರಿಯಿಜುಮಿ ಈ ಹೆಸರನ್ನು ಸೂಚಿಸಿದರಂತೆ. 1984ರಲ್ಲಿ ಇದು ಪ್ರಕಟವಾಯಿತು. ಕೋಶಗಳನ್ನು ಸರಣಿಯಲ್ಲಿ ಜೋಡಿಸಿ ಇನ್ನಷ್ಟು ಜಾಗ ಉಳಿಸುವ ನ್ಯಾಂಡ್ ವಿನ್ಯಾಸ 1987ರಲ್ಲಿ ಬಂತು. ಮಾರುಕಟ್ಟೆಗೆ 1988ರಲ್ಲಿ ಫ್ಲಾಶ್ ಚಿಪ್ ತಂದು ಲಾಭ ಕಂಡದ್ದು ಮಾತ್ರ ಇಂಟೆಲ್. ಮಸುವೊಕ 1994ರಲ್ಲಿ ತೊಹೊಕು ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಪರಿಹಾರ ಕೋರಿ ತಮ್ಮ ಹಳೆಯ ಸಂಸ್ಥೆಯ ಮೇಲೆ ದಾವೆ ಹೂಡಬೇಕಾಯಿತು. 2006ರ ರಾಜಿಯಲ್ಲಿ ದೊರೆತದ್ದು 8 ಕೋಟಿ 70 ಲಕ್ಷ ಯೆನ್. ಅವರ ವಿನ್ಯಾಸದ ಮೇಲೆ ನಿಂತಿರುವ ಉದ್ಯಮದ ಗಾತ್ರಕ್ಕೆ ಹೋಲಿಸಿದರೆ ಇದು ಚಿಲ್ಲರೆ ಎಂದೇ ನನ್ನ ಅಭಿಪ್ರಾಯ.

ನಂತರದ ಬೆಳವಣಿಗೆ ಬಹುಮಟ್ಟಿಗೆ ಕೋಶವನ್ನು ಕಿರಿದಾಗಿಸುವ ಓಟ. ಅದು ಕಷ್ಟವಾದಾಗ ಕೋಶಗಳನ್ನು ಮಹಡಿಯಂತೆ ಪೇರಿಸಿದರು. ಸ್ಯಾಮ್‌ಸಂಗ್ 2013ರಲ್ಲಿ 24 ಪದರಗಳಿಂದ ಆರಂಭಿಸಿತು. ಈಗ ಪದರಗಳು 200 ದಾಟಿವೆ. ಇವುಗಳಲ್ಲಿ ಹೆಚ್ಚಿನವು ತೇಲುವ ಗೇಟಿನ ಬದಲು ಸಿಲಿಕಾನ್ ನೈಟ್ರೈಡ್ ಪದರದಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತವೆ.

ಇನ್ನು ಬೀರುವಿನ ಪೆನ್‌ಡ್ರೈವ್ ವಿಷಯ. ಪ್ರತಿ ಸಲ ಬರೆದು ಅಳಿಸುವಾಗಲೂ ಆ ಭಾರೀ ಕ್ಷೇತ್ರ ಆಕ್ಸೈಡ್ ಪದರವನ್ನು ಸ್ವಲ್ಪ ಸ್ವಲ್ಪವೇ ಕೆಡಿಸುತ್ತದೆ. ಕೋಶಕ್ಕೆ ಒಂದು ಬಿಟ್ ಮಾತ್ರ ಇಡುವ ಚಿಪ್ ಸುಮಾರು ಲಕ್ಷ ಸಲ ತಾಳಿದರೆ, ಮೂರು ಬಿಟ್ ತುರುಕುವ ಅಗ್ಗದ ಚಿಪ್ ತಾಳುವುದು ಕೆಲವೇ ಸಾವಿರ ಸಲ. ಅದರಲ್ಲಿ ಎಂಟು ಮಟ್ಟಗಳನ್ನು ಗುರುತಿಸಬೇಕು. ಕೆಲವೇ ಎಲೆಕ್ಟ್ರಾನು ಸೋರಿದರೂ ಓದು ತಪ್ಪುತ್ತದೆ. ಸೋರಿಕೆ ಉಷ್ಣತೆಯೊಡನೆ ಹೆಚ್ಚುತ್ತದೆ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಆಯುಸ್ಸನ್ನು ಪೂರ್ತಿ ಸವೆಸಿದ ಮೇಲೆ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಹಿತಿ ಉಳಿಸಿಕೊಳ್ಳಬೇಕೆಂದು ಜೆಡೆಕ್ ಮಾನಕ ಕೇಳುವುದು ಒಂದೇ ವರ್ಷ. ಒಮ್ಮೆ ಮಾತ್ರ ಬರೆದ ನಿಮ್ಮ ಪೆನ್‌ಡ್ರೈವ್ ಇನ್ನೂ ಹೆಚ್ಚು ಕಾಲ ಬಾಳಬಹುದು. ಆದರೂ ಚಿತ್ರಗಳನ್ನು ವರ್ಷಕ್ಕೊಮ್ಮೆ ಹೊರಗೆ ನಕಲು ಮಾಡಿ ಮತ್ತೆ ಬರೆಯಿರಿ. ಕೋಶಗಳು ಹೊಸದಾಗಿ ತುಂಬಿಕೊಳ್ಳುತ್ತವೆ. ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿರಲಿ. ಅಲ್ಲಿ ಮಾಹಿತಿಯನ್ನು ಹಿಡಿದಿಡುವುದು ಕಾಂತತ್ವ, ಎಲೆಕ್ಟ್ರಾನುಗಳ ಸೆರೆಯಲ್ಲ.